ಪುಕ್ಕಟೆ ಕಿಟಕಿ

ಅವನಿಗೆ ಬಾಯಾರಿಕೆ ಎಂಬುದೇ ಇರಲಿಲ್ಲ.

ಊಟದ ಜೊತೆ ಒಂದು ಲೋಟ ನೀರು, ಸಂಜೆ ಅರ್ಧ ಕಪ್ ಕಾಫಿ. ಅಷ್ಟರಲ್ಲಿ ಅವನ ದಿನ ಕಳೆಯುತ್ತಿತ್ತು. ಬೇಸಿಗೆಯಲ್ಲಿ ಇಡೀ ಆಫೀಸು ತಣ್ಣೀರಿನ ಯಂತ್ರದ ಮುಂದೆ ಸಾಲುಗಟ್ಟಿ ನಿಂತರೂ ಅವನ ಮೇಜಿನ ಮೇಲಿನ ಬಾಟಲಿ ಸೋಮವಾರ ತುಂಬಿಸಿದ್ದು ಶುಕ್ರವಾರದವರೆಗೂ ಹಾಗೇ ಇರುತ್ತಿತ್ತು. ಇವರನ್ನು ಮಾಡುವಾಗ ದೇವರು ನಲ್ಲಿ ಜೋಡಿಸುವುದನ್ನು ಮರೆತ ಎಂದು ಹೆಂಡತಿ ಹೇಳುತ್ತಿದ್ದಳು. ಅಂಥ ಮನುಷ್ಯ, ಬೆಳಗಿನಿಂದ ರಾತ್ರಿವರೆಗೆ ಬೇಕಾದಷ್ಟು ಕುಡಿಯಬಹುದು ಎಂಬ ಹಡಗಿನ ಟಿಕೆಟ್ಟು ಕೊಂಡ. ಮೈಮರೆತು ಕೊಂಡದ್ದಲ್ಲ. ಲೆಕ್ಕ ಹಾಕಿ ಕೊಂಡ.

ಕೆಲಸ ಮಾಡುವ ಆಸ್ಪತ್ರೆಯಲ್ಲಿ ಅವನಿಗೆ ಬಿದ್ದಿದ್ದ ಹೆಸರು ಕೊಟೇಶನ್. ಖರೀದಿ ವಿಭಾಗದ ಮುಖ್ಯಸ್ಥ. ಹತ್ತಿಯ ಉಂಡೆ ಇರಲಿ, ಹೆಣ ಇಡುವ ಫ್ರಿಜ್ಜು ಇರಲಿ, ಮೂರು ಕಂಪನಿಗಳಿಂದ ದರ ತರಿಸದೆ ಅವನ ಸಹಿ ಬೀಳುತ್ತಿರಲಿಲ್ಲ. ಮೂರೂ ದರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು, ಒಬ್ಬ ಏನನ್ನು ಪುಕ್ಕಟೆ ಕೊಡುತ್ತಾನೋ ಅದನ್ನು ಉಳಿದಿಬ್ಬರಿಂದಲೂ ಪುಕ್ಕಟೆ ಕೇಳುವುದು ಅವನ ಪದ್ಧತಿ. ಕೊಡದಿದ್ದರೆ ಅವರ ಮುಖ ನೋಡುತ್ತಿರಲಿಲ್ಲ. ಒಂದು ಕಡೆ ಪುಕ್ಕಟೆ ಸಿಗುವ ವಸ್ತುವಿಗೆ ಇನ್ನೊಂದು ಕಡೆ ದುಡ್ಡು ಕೊಡುವವನು ಮನುಷ್ಯನೇ ಅಲ್ಲ ಎಂಬುದು ಅವನ ಒಂದೇ ಒಂದು ಸಿದ್ಧಾಂತ. ಈ ಸಿದ್ಧಾಂತದಿಂದ ಎಂಥೆಂಥ ಕಂಪನಿಯವರಿಗೂ ಅವನು ನೀರು ಕುಡಿಸಿದ್ದ.

ಮನೆಯಲ್ಲೂ ಅದೇ ಕಾನೂನು. ಒಮ್ಮೆ ಅವನ ದವಡೆ ಹಲ್ಲು ಅಲುಗಾಡಿದಾಗ ಮೂವರು ದಂತವೈದ್ಯರ ದರ ಕೇಳಿದ. ಮೂರನೆಯವನು ಉತ್ತರ ಕೊಡುವಷ್ಟರಲ್ಲಿ ಹಲ್ಲು ತಾನಾಗಿ ಬಿತ್ತು. ಅದನ್ನು ಅವನು ಇಂದಿಗೂ ಉಳಿತಾಯದ ಉದಾಹರಣೆಯಾಗಿ ಹೇಳುತ್ತಾನೆ. ಹಲ್ಲಿನ ಮಾತು ಎತ್ತುವುದಿಲ್ಲ.

ಹೆಂಡತಿಯೂ ಅದೇ ಆಸ್ಪತ್ರೆಯವಳು. ನೆಲಮಾಳಿಗೆಯ ಎಕ್ಸ್‌ರೇ ಕೋಣೆ ಅವಳದು. ಕಿರಣ ಹೊರಗೆ ಹೋಗಬಾರದೆಂದು ಗೋಡೆಯೊಳಗೆ ಸೀಸದ ತಗಡು ಹಾಕಿದ ಕೋಣೆಗೆ ಕಿಟಕಿ ಎಲ್ಲಿಂದ ಬರಬೇಕು? ಬಾಗಿಲ ಮೇಲೊಂದು ಕೆಂಪು ದೀಪ, ಒಳಗೊಂದು ಟ್ಯೂಬ್‌ಲೈಟು. ಮಧ್ಯಾಹ್ನ ಡಬ್ಬಿ ಹಿಡಿದು ಮೆಟ್ಟಿಲು ಹತ್ತಿ ಬಂದರೆ ಬಿಸಿಲಿಗೆ ಕಣ್ಣು ಬಿಡಲಾಗದೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಹೊರಗೆ ಮಳೆ ಬಂದದ್ದು ಅವಳಿಗೆ ಗೊತ್ತಾಗುತ್ತಿದ್ದದ್ದು ರೋಗಿಗಳ ಒದ್ದೆ ಬಟ್ಟೆಯಿಂದ. ಊರಿನ ಅರ್ಧ ಜನರ ಪಕ್ಕೆಲುಬು ನೋಡಿದವಳು, ಅವರ ಮುಖಗಳನ್ನು ಬೆಳಕಿನಲ್ಲಿ ನೋಡಿರಲಿಲ್ಲ.

ನಿವೃತ್ತಿಯ ದಿನ ಸಹೋದ್ಯೋಗಿಗಳು ಅವಳಿಗೊಂದು ಗೋಡೆ ಗಡಿಯಾರ ಕೊಟ್ಟರು. ಅದನ್ನು ಮನೆಗೆ ತಂದು ಕವರೂ ಬಿಚ್ಚದೆ ಕಪಾಟಿನ ಮೇಲಿಟ್ಟು, ನಾನು ಹಡಗಿನಲ್ಲಿ ಹೋಗಬೇಕು ಎಂದಳು. ದುಡ್ಡು ತನ್ನದೇ, ಕೈಗೆ ಬಂದ ಇಡಿಗಂಟಿನಲ್ಲಿ ಒಂದು ಚೂರು ತೆಗೆದರಾಯಿತು ಎಂದಳು. ಆಮೇಲೆ ಒಂದು ಮಾತು ಸೇರಿಸಿದಳು.

"ನನಗೆ ಬೇರೆ ಏನೂ ಬೇಡ ರೀ. ಕಿಟಕಿ ಇರೋ ರೂಮು ಬೇಕು. ಬೆಳಿಗ್ಗೆ ಕಣ್ಣು ಬಿಟ್ಟರೆ ಮಲಗಿದ್ದಲ್ಲಿಂದಲೇ ಸಮುದ್ರ ಕಾಣಬೇಕು. ನೀವು ಪಕ್ಕದಲ್ಲಿರಿ. ಮಾತಾಡದೆ ಇದ್ದರೂ ನಡಿಯುತ್ತೆ."

"ಅಷ್ಟೇ ತಾನೆ? ನನಗೆ ಬಿಡು."

ನನಗೆ ಬಿಡು ಎಂದು ಅವನು ಹೇಳಿದ ಕೆಲಸಗಳೆಲ್ಲ ಹೇಗೆ ಮುಗಿದಿವೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಒಪ್ಪಿದಳು. ಒಂದು ಕಿಟಕಿಯಲ್ಲಿ ಎಡವಟ್ಟು ಮಾಡಲು ಎಷ್ಟು ಜಾಗ ಇದ್ದೀತು ಎಂದುಕೊಂಡಳೋ ಏನೋ.

ಸುದ್ದಿ ಅವಳ ತಂಗಿಯ ಕಿವಿಗೆ ಬಿತ್ತು. ತಂಗಿ ಎಂದರೆ ಜೊತೆಗೆ ತಂಗಿಯ ಗಂಡ. ಈ ಷಡ್ಡಕ ಡ್ರೈವಿಂಗ್ ಸ್ಕೂಲು ನಡೆಸುವವನು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು, ಜೀವ ಕೈಯಲ್ಲಿ ಹಿಡಿದುಕೊಂಡು, ಸಂಜೆ ಅದನ್ನು ಗ್ಲಾಸಿನಲ್ಲಿ ಅದ್ದಿ ಒಣಗಿಸುವವನು. ಯಾವುದನ್ನೂ ಚೌಕಾಸಿ ಮಾಡಿದವನಲ್ಲ. ಅಂಗಡಿಗೆ ಹೋಗಿ ಮೊದಲು ಕಂಡದ್ದನ್ನು ಎತ್ತಿಕೊಂಡು ಬರುತ್ತಿದ್ದ. ಅದು ಹತ್ತು ವರ್ಷ ಬಾಳಿಕೆ ಬರುತ್ತಿತ್ತು. ಕೊಟೇಶನ್ನಿಗೆ ಅವನನ್ನು ಕಂಡರೆ ಹೊಟ್ಟೆಯಲ್ಲಿ ಬೆಂಕಿ ಹಾಕಿದಂತಾಗುತ್ತಿದ್ದದ್ದು ಇದೇ ಕಾರಣಕ್ಕೆ. ನಾವೂ ಬರ್ತೀವಿ ಭಾವ, ಬುಕ್ಕಿಂಗ್ ನೀವೇ ನೋಡಿಕೊಳ್ಳಿ, ನಿಮ್ಮಷ್ಟು ತಲೆ ನನಗಿಲ್ಲ ಎಂದು ಷಡ್ಡಕ ಫೋನಿನಲ್ಲಿ ಹೇಳಿದಾಗ ಅವನ ಎದೆ ಎರಡು ಅಂಗುಲ ಉಬ್ಬಿತು.

ಟ್ರಾವೆಲ್ ಏಜೆನ್ಸಿಯಲ್ಲಿ ಕೂತಿದ್ದ ಹುಡುಗಿ ಮೊದಲ ದಿನ ಅವನಿಗೆ ಕಾಫಿ ತರಿಸಿದಳು, ಎರಡನೆಯ ದಿನ ನೀರು ಕೊಟ್ಟಳು, ಐದನೆಯ ದಿನ ಕುರ್ಚಿ ತೋರಿಸಲೂ ಇಲ್ಲ. ಅವನು ಮೂರು ಹಡಗು ಕಂಪನಿಗಳ ದರ ತರಿಸಿಕೊಂಡಿದ್ದ. ಒಂದರಲ್ಲಿ ಬರೀ ಟಿಕೆಟ್ಟು, ಕುಡಿದ ಪ್ರತಿ ಗ್ಲಾಸಿಗೂ ಬೇರೆ ದುಡ್ಡು. ಇನ್ನೊಂದರಲ್ಲಿ ದಿನಕ್ಕೆ ಇಷ್ಟು ಎಂದು ಕಟ್ಟಿದರೆ ಬೇಕಾದಷ್ಟು ಪಾನೀಯ. ಮೂರನೆಯದರಲ್ಲಿ ಎರಡು ಬಗೆಯ ಟಿಕೆಟ್ಟುಗಳಿದ್ದವು. ಬರೀ ಟಿಕೆಟ್ಟಿಗೆ ಕಿಟಕಿ ಇಲ್ಲದ ಒಳಗಿನ ರೂಮು. ಎಲ್ಲ ಸೇರಿದ ಟಿಕೆಟ್ಟಿಗೆ ಪಾನೀಯ, ಇಂಟರ್‌ನೆಟ್, ಹಡಗಿನ ಸಿಬ್ಬಂದಿಗೆ ಕೊಡಬೇಕಾದ ಟಿಪ್ಸು, ಮೇಲೆ ಕಿಟಕಿ ಇರುವ ರೂಮು ಪುಕ್ಕಟೆ.

ಆ ಪುಕ್ಕಟೆ ಎಂಬ ಪದ ಕಂಡದ್ದೇ ತಡ, ಅವನ ಕಣ್ಣು ಅಲ್ಲೇ ಅಂಟಿಕೊಂಡಿತು. ಎಲ್ಲ ಸೇರಿದ ಟಿಕೆಟ್ಟಿನ ಬೆಲೆಯಿಂದ ಅವನು ಪಾನೀಯದ ಬೆಲೆ ಕಳೆದ. ಇಂಟರ್‌ನೆಟ್ಟಿನ ಬೆಲೆ ಕಳೆದ. ಟಿಪ್ಸು ಕಳೆದ, ಕಿಟಕಿ ಕಳೆದ. ಹೀಗೆ ಕಳೆಯುತ್ತ ಹೋದರೆ ಪ್ರಯಾಣವೇ ಹೆಚ್ಚುಕಡಿಮೆ ಪುಕ್ಕಟೆಯಾಗಿ, ಇನ್ನೂ ಸ್ವಲ್ಪ ಕಳೆದಿದ್ದರೆ ಹಡಗಿನವರೇ ಇವನಿಗೆ ದುಡ್ಡು ಕೊಡಬೇಕಾದ ಪರಿಸ್ಥಿತಿ ಬರುತ್ತಿತ್ತು. ಅವನು ಕಳೆದ ಒಂದೊಂದೂ ಬಿಡಿಯಾಗಿ ಅವನು ಜನ್ಮದಲ್ಲಿ ಕೊಳ್ಳದ ವಸ್ತು. ಟಿಪ್ಸು ಕೊಟ್ಟ ಕೈಯಲ್ಲ ಅದು. ಇಂಟರ್‌ನೆಟ್ಟಿನಲ್ಲಿ ಮಾತಾಡೋಣವೆಂದರೆ ಅವನಿಗಿದ್ದ ನಂಟರೆಲ್ಲ ಅದೇ ಹಡಗಿನಲ್ಲಿ ಬರುವವರಿದ್ದರು.

ಒಂದೇ ತೊಡಕು ಉಳಿಯಿತು. ಒಂದೇ ರೂಮಿನಲ್ಲಿ ಇರುವ ಇಬ್ಬರೂ ಒಂದೇ ಬಗೆಯ ಟಿಕೆಟ್ಟು ಕೊಳ್ಳಬೇಕು ಎಂಬುದು ಕಂಪನಿಯ ನಿಯಮ. ಇಲ್ಲದಿದ್ದರೆ ಒಬ್ಬ ಪಾನೀಯಕ್ಕೆ ದುಡ್ಡು ಕೊಟ್ಟು ಮನೆಮಂದಿಗೆಲ್ಲ ಕುಡಿಸುತ್ತಾನೆಂದು ಅವರಿಗೂ ಗೊತ್ತು. ಹೆಂಡತಿ ಕುಡಿಯುವುದು ಉಗುರುಬೆಚ್ಚಗಿನ ನೀರು. ನಾದಿನಿಯೂ ಅಷ್ಟೇ. ಆ ಇಬ್ಬರ ಹೆಸರಿನಲ್ಲಿ ಪಾನೀಯಕ್ಕೆ ದುಡ್ಡು ಕಟ್ಟುವುದೆಂದರೆ ಸಮುದ್ರಕ್ಕೆ ಸುರಿದಂತೆ.

ಹುಡುಗಿ ಬೇಸತ್ತು ಒಂದು ದಾರಿ ತೋರಿಸಿದಳು. "ಸರ್, ಅಮ್ಮನವರಿಗೆ ಕಿಟಕಿ ಮಾತ್ರ ಬೇಕು ಅಂತೀರಿ. ಬರೀ ಟಿಕೆಟ್ಟೇ ತಗೊಳ್ಳಿ, ಕಿಟಕಿಗೆ ಅಂತ ಸ್ವಲ್ಪ ಮೇಲೆ ಕೊಡಿ. ಎಲ್ಲಕ್ಕಿಂತ ಕಡಿಮೆ ಆಗುತ್ತೆ."

ಅವನು ಅವಳನ್ನು ಕನಿಕರದಿಂದ ನೋಡಿದ. "ಅಲ್ಲಮ್ಮ, ಪಕ್ಕದ ಸಾಲಲ್ಲಿ ಪುಕ್ಕಟೆ ಅಂತ ಬರೆದಿದ್ದೀರಿ. ಅದೇ ಕಿಟಕಿಗೆ ನಾನು ಯಾಕೆ ದುಡ್ಡು ಕೊಡಲಿ?"

ಹುಡುಗಿ ಕಂಪ್ಯೂಟರಿನ ಕಡೆ ತಿರುಗಿದಳು. ಅವನು ಎದ್ದು ಮನೆಗೆ ಬಂದು ಅಡುಗೆಮನೆಯಿಂದ ಲೋಟಗಳನ್ನೆಲ್ಲ ತಂದು ಊಟದ ಮೇಜಿನ ಮೇಲೆ ಜೋಡಿಸಿದ. ಷಡ್ಡಕನೂ ನಾದಿನಿಯೂ ಬಂದಿದ್ದರು. ಏಳು ಲೋಟ ಸಾಲಾಗಿ ನಿಂತವು. ದಿನಕ್ಕೆ ಏಳು ಗ್ಲಾಸು ಕುಡಿದರೆ ಕೊಟ್ಟ ದುಡ್ಡಿಗೆ ಸಮ, ಎಂಟನೆಯದರಿಂದ ಲಾಭ ಎಂದು ವಿವರಿಸಿದ. ಕಾಫಿ ಅಗ್ಗವಾದ್ದರಿಂದ ಎರಡು ಕಾಫಿಗೆ ಒಂದು ಗ್ಲಾಸು. ಈಗ ಬುದ್ಧಿ ಉಪಯೋಗಿಸಿದರೆ ದಾರಿ ಸುಲಭ. ಕುಡಿಯುವ ಇಬ್ಬರು ಗಂಡಸರು ಒಂದು ರೂಮಿನಲ್ಲಿ, ಎಲ್ಲ ಸೇರಿದ ಟಿಕೆಟ್ಟಿನಲ್ಲಿ. ಕುಡಿಯದ ಇಬ್ಬರು ಹೆಂಗಸರು ಇನ್ನೊಂದು ರೂಮಿನಲ್ಲಿ, ಬರೀ ಟಿಕೆಟ್ಟಿನಲ್ಲಿ. ಒಂದು ಕಾಸೂ ಪೋಲಾಗುವುದಿಲ್ಲ.

ಷಡ್ಡಕ ತಲೆಯಾಡಿಸಿದ. "ನನಗೆ ಊಟಕ್ಕೆ ಮುಂಚೆನೇ ಏಳು ಆಗಿಬಿಡುತ್ತೆ ಭಾವ. ನಿಮ್ಮದು ಹೇಗೆ?"

"ಅಭ್ಯಾಸ ಮಾಡಿಕೊಳ್ತೀನಿ."

ಹೆಂಡತಿ ಲೋಟಗಳನ್ನು ನೋಡುತ್ತಿದ್ದಳು. "ಕಿಟಕಿ ಯಾವ ರೂಮಿಗೆ ಬಂತು?" ಎಂದು ಕೇಳಿದಳು.

ಕಿಟಕಿ ಟಿಕೆಟ್ಟಿನ ಜೊತೆ ಹೋಗುತ್ತದೆ, ಎಂದ ಅವನು. ಎಂದರೆ ಗಂಡಸರ ರೂಮಿಗೆ. ಅದರಲ್ಲೇನಿದೆ, ಬೆಳಿಗ್ಗೆ ನಮ್ಮ ರೂಮಿಗೆ ಬಾ, ನೋಡು, ನಾನು ಪಕ್ಕದಲ್ಲೇ ಇರುತ್ತೇನಲ್ಲ. ಅವಳು ಏಳೂ ಲೋಟಗಳನ್ನು ಒಂದರೊಳಗೊಂದು ಹಾಕಿ ಒಳಗೆ ತೆಗೆದುಕೊಂಡು ಹೋದಳು. ಅವು ಬಳಸಿದ ಲೋಟಗಳಲ್ಲ. ಆದರೂ ಒಳಗೆ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಅಭ್ಯಾಸ ಮರುದಿನದಿಂದಲೇ ಶುರುವಾಯಿತು. ಬೆಳಿಗ್ಗೆ ಎದ್ದು ಎರಡು ಲೋಟ ನೀರು, ಆಫೀಸಿನಲ್ಲಿ ಎರಡು, ಸಂಜೆ ಮೂರು. ಒಂದೊಂದು ಲೋಟವನ್ನೂ ಅವನು ಔಷಧಿಯಂತೆ ಕಣ್ಣು ಮುಚ್ಚಿ ಇಳಿಸುತ್ತಿದ್ದ. ಖರೀದಿ ವಿಭಾಗದವರು ಮೊದಲು ಸಕ್ಕರೆ ಕಾಯಿಲೆ ಎಂದುಕೊಂಡರು, ಯಾರೋ ರಕ್ತ ಪರೀಕ್ಷೆಗೆ ಚೀಟಿಯನ್ನೂ ಬರೆಸಿಕೊಟ್ಟರು. ವಿಷಯ ತಿಳಿದ ಮೇಲೆ ಅವನು ಎದ್ದು ಶೌಚಾಲಯದ ಕಡೆ ಹೊರಟಾಗಲೆಲ್ಲ, ಸರ್ ಹಡಗು ಹೊರಟಿತು, ಎಂದು ಪಿಸುಗುಡುತ್ತಿದ್ದರು. ಅವನು ತಲೆಕೆಡಿಸಿಕೊಳ್ಳಲಿಲ್ಲ. ಸಣ್ಣ ಜನಕ್ಕೆ ದೊಡ್ಡ ಲೆಕ್ಕ ಅರ್ಥವಾಗುವುದಿಲ್ಲ.

ಹಡಗು ಹತ್ತಿದ ದಿನ ಮೊದಲು ಹೆಂಗಸರ ರೂಮು ನೋಡಿದರು. ಉದ್ದನೆಯ ಓಣಿಯ ಒಳಮಗ್ಗುಲಲ್ಲಿ ಎರಡು ಮಂಚ, ಒಂದು ಕನ್ನಡಿ, ಗೋಡೆಯ ಮೇಲೆ ಸಮುದ್ರದ ಚಿತ್ರ. ಕಿಟಕಿ ಇರಬೇಕಾದ ಕಡೆ ಪರದೆ ಕಟ್ಟಿದ್ದರು. ನಾದಿನಿ ಸರಿಸಿ ನೋಡಿದರೆ ಹಿಂದೆ ಗೋಡೆ. ಹೆಂಡತಿ ಬಾಗಿಲು ಮುಚ್ಚಿ ದೀಪ ಆರಿಸಿದಳು. ಕಣ್ಣಿಗೆ ಕೈ ಕಾಣದಷ್ಟು ಕತ್ತಲು. ಆ ಕತ್ತಲಲ್ಲಿ ಅವಳು ಎಲ್ಲೂ ತಗಲದೆ ನಡೆದುಹೋಗಿ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದ್ದು ಸದ್ದಿನಿಂದ ತಿಳಿಯಿತು.

"ಉಸಿರು ಎಳೆದುಕೊಳ್ಳಿ," ಎಂದಳು ಕತ್ತಲಲ್ಲೇ. "ಹಿಡಿದುಕೊಳ್ಳಿ. ಈಗ ಬಿಡಿ."

ತಂಗಿ ಬಿದ್ದು ಬಿದ್ದು ನಕ್ಕಳು. ಕೊಟೇಶನ್ ನಗಲಿಲ್ಲ. ಅವನಿಗೆ ತನ್ನ ರೂಮು ನೋಡುವ ಅವಸರವಿತ್ತು. ಓಣಿಯ ಹೊರಮಗ್ಗುಲಿಗೆ ಓಡಿದಂತೆ ನಡೆದು, ಬಾಗಿಲು ತೆಗೆದು, ಷಡ್ಡಕನಿಗಿಂತ ಮೊದಲು ಪರದೆ ಎಳೆದ. ಕಿಟಕಿ ಇತ್ತು. ದೊಡ್ಡ ಕಿಟಕಿ. ಅದರ ತುಂಬ, ಈ ಅಂಚಿನಿಂದ ಆ ಅಂಚಿಗೆ, ಒಂದು ಕಿತ್ತಳೆ ಬಣ್ಣದ ಹೊಟ್ಟೆ. ಹಡಗು ಮುಳುಗಿದರೆ ಜನ ಇಳಿಯಲಿಕ್ಕೆಂದು ತೂಗುಹಾಕಿದ ದೋಣಿ. ಎಡ ಮೂಲೆಯಲ್ಲಿ ಕತ್ತು ತಿರುಚಿ ನೋಡಿದರೆ ಅಂಗೈಯಗಲದ ನೀರು ಕಾಣುತ್ತಿತ್ತು.

ಅವನು ಟಿಕೆಟ್ಟು ತೆಗೆದು ಮತ್ತೆ ಓದಿದ. ಕಿಟಕಿ ಎಂದು ಬರೆದಿದ್ದರು, ಕಿಟಕಿ ಕೊಟ್ಟಿದ್ದರು. ಕಿಟಕಿಯಿಂದ ಏನಾದರೂ ಕಾಣಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಹಿಂದೊಮ್ಮೆ ಗಾಲಿಕುರ್ಚಿ ಪೂರೈಸಿದ ಕಂಪನಿಯೊಂದು ಬ್ರೇಕಿಗೆ ಬೇರೆ ದುಡ್ಡು ಕೇಳಿದಾಗ, ಬ್ರೇಕು ಬೇಕೆಂದು ನೀವು ಬರೆದಿರಲಿಲ್ಲ ಎಂದು ಆ ಕಂಪನಿಯವನು ಹಲ್ಲುಕಿರಿದಿದ್ದು ಅವನಿಗೆ ನೆನಪಾಯಿತು. ಅದೇ ನಗು ಈಗ ಆ ಕಿತ್ತಳೆ ಹೊಟ್ಟೆಯ ಮೇಲೆ ಕಂಡಂತಾಯಿತು.

ಷಡ್ಡಕ ಹಾಸಿಗೆಯ ಮೇಲೆ ಬೂಟು ಸಮೇತ ಬಿದ್ದುಕೊಂಡು, "ಬಿಡಿ ಭಾವ, ಬಿಸಿಲು ಬರಲ್ಲ, ನಿದ್ದೆ ಚೆನ್ನಾಗಿ ಬರುತ್ತೆ," ಎಂದ. ಅವನಿಗೆ ಇದೂ ಲಾಭವೇ.

ಸಂಜೆ ಹೆಂಡತಿ ಕಿಟಕಿ ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದ. ಏನು ಕಾಣುತ್ತದೆ ಎಂದಳು. ಸಮುದ್ರದಲ್ಲಿ ಸಮುದ್ರ ಬಿಟ್ಟು ಇನ್ನೇನು ಕಾಣುತ್ತದೆ ಎಂದು ಗದರಿದ. ಬೆಳಿಗ್ಗೆ ಬರುತ್ತೇನೆ ಎಂದಾಗ, ಷಡ್ಡಕ ಒಳಚಡ್ಡಿಯಲ್ಲಿ ಮಲಗಿರುತ್ತಾನೆ, ನಾಳೆ ಬೇಡ, ನಾಳಿದ್ದು ನೋಡೋಣ ಎಂದ. ಎಕ್ಸ್‌ರೇ ತೆಗೆದ ಕಣ್ಣು ಅದು. ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಆಗಲಿ ಎಂದಳು.

ಆಮೇಲೆ ಕುಡಿಯುವ ಕೆಲಸ. ಕೆಲಸ ಎನ್ನದೆ ಬೇರೆ ಮಾತಿಲ್ಲ. ಕಾರ್ಡು ತೋರಿಸಿದರೆ ಒಂದು ಗ್ಲಾಸು, ಅದು ಖಾಲಿಯಾದರೆ ಇನ್ನೊಂದು. ತಿಂಡಿಯ ಮೇಜಿನಲ್ಲಿ ಎರಡು ಕಾಫಿ ಮುಗಿಸಿ ಎದೆಯುರಿ ಹತ್ತಿಸಿಕೊಂಡು, ಅದನ್ನು ಆರಿಸಲು ಸೋಡಾ ಕುಡಿದು, ಅದು ತೇಗಾಗಿ ಮೇಲೆ ಬರುವ ಮೊದಲೇ ಬಿಯರು ಹಿಡಿಯುತ್ತಿದ್ದ. ಬಿಯರು ಅವನಿಗೆ ಸೇರುತ್ತಿರಲಿಲ್ಲ. ವಿಸ್ಕಿಯಂತೂ ಮೂಗಿನ ಹತ್ತಿರ ತಂದರೆ ಆಸ್ಪತ್ರೆಯ ಸ್ಪಿರಿಟ್ಟಿನ ದರ ನೆನಪಾಗುತ್ತಿತ್ತು. ಆದರೆ ಬೆಲೆ ಜಾಸ್ತಿ ಇದ್ದದ್ದು ಅದಕ್ಕೇ. ಹಣ್ಣಿನ ರಸ ಕುಡಿದು ಏಳು ಮುಟ್ಟಿಸುವುದು ತೆವಳಿಕೊಂಡು ಬೆಟ್ಟ ಹತ್ತಿದಂತೆ.

ಉಳಿದ ಪ್ರಯಾಣಿಕರು ನೀರಿಗೆ ಧುಮುಕಿದರು, ಕುಣಿದರು, ನಡುವೆ ಸಿಕ್ಕ ದ್ವೀಪವೊಂದರಲ್ಲಿ ಇಳಿದು ಮರಳಿನ ಮೇಲೆ ಬಿದ್ದುಕೊಂಡರು. ದ್ವೀಪದಲ್ಲಿ ಕಾರ್ಡು ನಡೆಯುವುದಿಲ್ಲ ಎಂದು ತಿಳಿದು ಇವನು ಇಳಿಯಲಿಲ್ಲ. ಅಕ್ಕ ತಂಗಿ ಇಬ್ಬರೇ ಚಪ್ಪಲಿ ಕೈಯಲ್ಲಿ ಹಿಡಿದು ನೀರಿನಂಚಿನಲ್ಲಿ ನಡೆಯುತ್ತಿದ್ದದ್ದು ಬಾರಿನ ಗಾಜಿನಿಂದ ಚುಕ್ಕೆಗಳಂತೆ ಕಾಣುತ್ತಿತ್ತು. ಪಕ್ಕದಲ್ಲಿ ಷಡ್ಡಕ ಒಂಬತ್ತನೆಯದನ್ನು ಎತ್ತಿ, "ಏನ್ ಭಾವ, ಇನ್ನೂ ಎರಡನೇ ಗೇರಲ್ಲೇ ಇದ್ದೀರಾ?" ಎಂದ.

ಮೂರನೆಯ ದಿನ ಬೆಳಿಗ್ಗೆ ಹೆಂಡತಿ ಹೇಳದೆ ಕೇಳದೆ ಬಂದಳು. ಇವನು ಬಾತ್‌ರೂಮಿನಲ್ಲಿದ್ದ. ಆ ದಿನಗಳಲ್ಲಿ ಅವನು ಹೆಚ್ಚಾಗಿ ಇರುತ್ತಿದ್ದದ್ದೇ ಅಲ್ಲಿ. ಹೊರಗೆ ಬಂದಾಗ ಷಡ್ಡಕ ಕಂಬಳಿ ಕುತ್ತಿಗೆಯವರೆಗೆ ಎಳೆದುಕೊಂಡು ಮುಜುಗರದಲ್ಲಿದ್ದ. ಅವಳು ಪರದೆ ಸರಿಸಿ ಕಿಟಕಿಯ ಮುಂದೆ ನಿಂತಿದ್ದಳು. ತಲೆಬಾಚಿ, ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ದೋಣಿಯ ಹೊಟ್ಟೆಯ ಮೇಲೆ ಎಷ್ಟು ಜನ ಕೂರಬಹುದು ಎಂದು ಬರೆದಿತ್ತು. ಅದನ್ನು ಪೂರ್ತಿ ಓದಿ ಮುಗಿಸಿ ತಿರುಗಿದಳು.

"ದೋಣಿ ಚೆನ್ನಾಗಿದೆ," ಎಂದಳು. ಹೋದಳು.

ಅವನಿಗೆ ಏನೋ ಚುಚ್ಚಿದಂತಾಯಿತು. ಏನು ಎಂದು ಯೋಚಿಸುವಷ್ಟು ಪುರುಸೊತ್ತಿರಲಿಲ್ಲ. ಹಿಂದಿನ ದಿನ ಆರಕ್ಕೇ ನಿಂತಿತ್ತು. ಆ ಒಂದನ್ನೂ ಇವತ್ತೇ ಮುಟ್ಟಿಸಬೇಕಿತ್ತು.

ಮಧ್ಯಾಹ್ನಕ್ಕೆ ನಾಲ್ಕು ಆಗಿ ಐದನೆಯದು ಕೈಗೆ ಬಂದಿತ್ತು. ಕಿತ್ತಳೆ ರಸ, ಅಂಚಿಗೆ ಸಿಕ್ಕಿಸಿದ ಹಣ್ಣಿನ ಬಿಲ್ಲೆ, ಮೇಲೊಂದು ಕಾಗದದ ಕೊಡೆ. ಗಂಟಲಿನಿಂದ ಕೆಳಗೆ ಒಂದು ಹನಿ ಹೋಗಲು ಜಾಗವಿರಲಿಲ್ಲ. ಹೊಟ್ಟೆ ಮುಟ್ಟಿದರೆ ಬಿಂದಿಗೆಯಂತೆ ಸದ್ದು ಮಾಡುತ್ತಿತ್ತು. ಗ್ಲಾಸು ಹಿಡಿದು ಎರಡು ಮಹಡಿ ಹತ್ತಿ ಹೊರಗಿನ ಡೆಕ್ಕಿಗೆ ಬಂದ. ಅಲ್ಲಿ ನೆರಳಿನಲ್ಲಿ ಅಕ್ಕ ತಂಗಿ ಒರಗುಕುರ್ಚಿಗಳಲ್ಲಿ ಕಾಲು ಚಾಚಿ ಕೂತಿದ್ದರು. ನಡುವೆ ಮನೆಯಿಂದ ತಂದ ಬಿಸಿನೀರಿನ ಫ್ಲಾಸ್ಕು.

ಅವನು ಬರುವುದನ್ನು ಹೆಂಡತಿ ದೂರದಿಂದಲೇ ನೋಡಿದಳು. ಮೂವತ್ತು ವರ್ಷ ಅವನ ಕೈಗೆ ಲೋಟ ಕೊಟ್ಟವಳು ಅವಳು. ಅವನ ಕೈಯಿಂದ ಒಂದು ಲೋಟ ಅವಳ ಕಡೆಗೆ ಬಂದದ್ದು ಅವಳಿಗೆ ನೆನಪಿರಲಿಲ್ಲ. ಮೆಟ್ಟಿಲಿನಲ್ಲಿ ತುಳುಕಿದ ರಸ ಅವನ ಮಣಿಕಟ್ಟಿನವರೆಗೆ ಹರಿದಿತ್ತು. ಅವಳು ಕಾಲು ಮಡಿಚಿ ಅವನಿಗೆ ಕೂರಲು ಜಾಗ ಮಾಡಿದಳು.

"ನನಗಾ?"

"ಹೂಂ. ಹಿಡಿ."

ಅವಳು ಕೊಡೆಯನ್ನು ತೆಗೆದು ತಂಗಿಯ ಕೈಗೆ ಕೊಟ್ಟು, ಒಂದು ಗುಟುಕು ಕುಡಿದಳು. ಬೆಳಗಿನ ದೋಣಿ ಅವಳ ಮುಖದಿಂದ ಸರಿಯುತ್ತಿದ್ದದ್ದು ಅವನಿಗೂ ಕಂಡಿತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು.

"ಬೇಗ ಮುಗಿಸು," ಎಂದ. "ಇದು ಐದನೇದು. ಇನ್ನೂ ಮೂರು ಬಾಕಿ ಇದೆ. ನನ್ನ ಕೈಲಿ ಆಗ್ತಿಲ್ಲ."

ಹೆಂಡತಿ ಗ್ಲಾಸನ್ನು ನಿಧಾನವಾಗಿ ನೆಲದ ಮೇಲಿಟ್ಟಳು. ಮಡಿಚಿದ್ದ ಕಾಲುಗಳನ್ನು ಮತ್ತೆ ಚಾಚಿದಳು. ನಾದಿನಿ ಕೊಡೆಯನ್ನು ಮುಚ್ಚಿ, ತೆರೆದು, ಮುಚ್ಚಿ, ಸಮುದ್ರದ ಕಡೆ ತಿರುಗಿದಳು. ಅವಳ ಭುಜ ಕುಲುಕುತ್ತಿತ್ತು.

ತಟ್ಟೆ ಹಿಡಿದು ಹೋಗುತ್ತಿದ್ದ ಸಪ್ಲೈಯರ್ ಅಲ್ಲೇ ನಿಂತ. ಗ್ಲಾಸು ಒಂದು ಕೈಯಿಂದ ಇನ್ನೊಂದು ಕೈಗೆ ಹೋದದ್ದನ್ನು ಅವನು ಕಣ್ಣಾರೆ ನೋಡಿದ್ದ. ಬಹಳ ವಿನಯದಿಂದ ಇಬ್ಬರ ಕಾರ್ಡೂ ಕೇಳಿದ, ನೋಡಿದ, ಇನ್ನೂ ಹೆಚ್ಚು ವಿನಯದಿಂದ ಕೆಳಗೆ ಕೌಂಟರಿಗೆ ಬರಬೇಕೆಂದ.

ಕೌಂಟರಿನ ಅಧಿಕಾರಿ ಟಿಕೆಟ್ಟಿನ ಹಿಂಭಾಗ ತೋರಿಸಿದ. ಪಾನೀಯವನ್ನು ಇನ್ನೊಬ್ಬರಿಗೆ ಕೊಟ್ಟರೆ ಆ ರೂಮಿನ ಎರಡೂ ಕಾರ್ಡುಗಳ ಪಾನೀಯ ಅಲ್ಲಿಗೆ ಮುಗಿಯಿತು, ಹಣ ವಾಪಸ್ಸಿಲ್ಲ. ಕೊಟೇಶನ್ ತನ್ನ ಜೀವಮಾನದ ಅನುಭವವನ್ನೆಲ್ಲ ಒಟ್ಟುಗೂಡಿಸಿ ವಾದಿಸಿದ. ಒಂದು ಗುಟುಕಷ್ಟೇ ಎಂದ. ಅದರಲ್ಲೂ ಕಿತ್ತಳೆ ರಸ ಎಂದ. ಕೊನೆಗೆ, ಅವಳು ನನ್ನ ಹೆಂಡತಿ ಕಣ್ರೀ ಎಂದ. ಅಧಿಕಾರಿ ಕಂಪ್ಯೂಟರು ನೋಡಿದ. ರೂಮು ಬೇರೆ, ಟಿಕೆಟ್ಟು ಬೇರೆ. ಹೆಂಡತಿ ಇರಬಹುದು ಸರ್, ಆದರೆ ಹಡಗಿನ ಲೆಕ್ಕದಲ್ಲಿ ಅವರು ಪಕ್ಕದ ಮನೆಯವರು ಎಂದ.

ಬೇರೆ ಮಾಡಿದವನು ತಾನೇ. ಅದನ್ನು ಯಾರ ಹತ್ತಿರ ಹೇಳುವುದು?

ತಿರುಗಿದರೆ ಪಕ್ಕದ ಸಾಲಿನಲ್ಲಿ ಹೆಂಡತಿ ನಿಂತಿದ್ದಳು. ತನ್ನ ಪರವಾಗಿ ಮಾತಾಡಲು ಬಂದಿದ್ದಾಳೆ ಎಂದುಕೊಂಡ. ಅವಳು ತನ್ನ ಕೈಚೀಲದಿಂದ ದುಡ್ಡು ಎಣಿಸಿ ಕೊಟ್ಟು, ಹೊಸ ಕೀಲಿಕಾರ್ಡು ಎರಡು ಇಸಿದುಕೊಂಡಳು. ಏನಿದು ಎಂದ.

"ನಮ್ಮ ರೂಮು ಬದಲಾಯಿಸಿದೆ. ಮೇಲಿನ ಮಹಡೀಲಿ ಒಂದು ಖಾಲಿ ಇತ್ತಂತೆ. ಕಿಟಕಿ ಇದೆ, ಮುಂದೆ ದೋಣಿ ಇಲ್ಲ. ಎರಡು ಸಲ ಕೇಳಿದೆ."

"ಎಷ್ಟು ಕೊಟ್ಟೆ?"

"ನೀವು ಎರಡು ದಿನ ಕುಡಿದಷ್ಟು."

"ಬೇರೆ ಕಡೆ ವಿಚಾರಿಸಿದ್ಯಾ?" ಬಾಯಿಂದ ಬಂದೇಬಿಟ್ಟಿತು.

ಹೆಂಡತಿ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ಸಮುದ್ರದ ಮಧ್ಯೆ ಇನ್ನೆಲ್ಲಿ ವಿಚಾರಿಸಲಿ ರೀ?"

ಷಡ್ಡಕನಿಗೆ ಸುದ್ದಿ ಮುಟ್ಟಿದ್ದು ಬಾರಿನವನ ಬಾಯಿಂದ. ರೂಮಿಗೆ ಬಂದವನು ಬಾಗಿಲಲ್ಲೇ ನಿಂತು, ಮೂವತ್ತು ವರ್ಷದಲ್ಲಿ ಎಂಥೆಂಥ ದಡ್ಡರಿಗೆ ಗಾಡಿ ಕಲಿಸಿದ್ದೇನೆ, ನಿಂತ ಗಾಡಿಯನ್ನು ಹೀಗೆ ಗೋಡೆಗೆ ಗುದ್ದಿದವರನ್ನು ನೋಡಿರಲಿಲ್ಲ ಎಂದ. ಅದೇ ಕೊನೆಯ ಮಾತು. ಆಮೇಲೆ ಅವನು ಪ್ರತಿ ಗ್ಲಾಸಿಗೂ ಕೈಯಿಂದ ದುಡ್ಡು ಕೊಟ್ಟು ಕುಡಿದು, ಬಂದ ಬಿಲ್ಲುಗಳನ್ನು ಒಂದೂ ಬಿಡದೆ ತಂದು ಇವನ ದಿಂಬಿನ ಮೇಲೆ ಇಡುತ್ತಿದ್ದ.

ಮುಂದಿನ ಎರಡು ಬೆಳಿಗ್ಗೆ ಕೊಟೇಶನ್ ಬೇಗ ಎದ್ದು, ಮುಖ ತೊಳೆದು, ಷರಟು ಹಾಕಿಕೊಂಡು ಮಂಚದ ಮೇಲೆ ಕೂತ. ಹೆಂಡತಿ ಕರೆದಾಳು ಎಂದು. ರೂಮಿನ ಫೋನು ಸದ್ದು ಮಾಡಲಿಲ್ಲ. ಕಿಟಕಿಯಲ್ಲಿ ದೋಣಿಯ ಹೊಟ್ಟೆ ಮೊದಲು ಕಪ್ಪಗಿತ್ತು, ಆಮೇಲೆ ಕಂದು ಬಣ್ಣವಾಯಿತು, ಆಮೇಲೆ ಕಿತ್ತಳೆಯಾಯಿತು. ಅದನ್ನು ನೋಡಿ ಸೂರ್ಯ ಹುಟ್ಟಿದ ಎಂದು ತಿಳಿದುಕೊಳ್ಳಬೇಕಿತ್ತು. ತಿಂಡಿಯ ಮೇಜಿನಲ್ಲಿ ಅಕ್ಕ ತಂಗಿಯರ ಮುಖ ನೋಡಿದರೆ ಏನೋ ನೋಡಿಬಂದವರಂತೆ ಇರುತ್ತಿತ್ತು.

ಕೊನೆಯ ಬೆಳಿಗ್ಗೆ ಅವನೇ ಹೋದ. ಮೇಲಿನ ಮಹಡಿ, ಉದ್ದನೆಯ ಓಣಿ, ಕಾಲಡಿ ಮೆತ್ತನೆಯ ಜಮಖಾನ. ಬಾಗಿಲಿನಾಚೆ ಇಬ್ಬರೂ ಮೆಲ್ಲಗೆ ಮಾತಾಡುತ್ತಿದ್ದದ್ದು ಕೇಳಿಸಿತು. ಬೆರಳಿನಿಂದ ಎರಡು ಸಲ ಬಡಿದ. ಹೆಂಡತಿ ಬಾಗಿಲನ್ನು ಒಂದು ಗೇಣಿನಷ್ಟು ತೆಗೆದಳು. ಹಿಂದಿನಿಂದ ಬಂದ ಬೆಳಕು ಅವಳ ಕೆದರಿದ ಕೂದಲಿನ ಸುತ್ತ ನಿಂತಿತ್ತು. ಅವಳು ಕಣ್ಣು ಕಿರಿದು ಮಾಡಿರಲಿಲ್ಲ. ಅದನ್ನು ಅವನು ಗಮನಿಸಿದ.

"ಏನ್ ರೀ?"

"ನಾನೂ ನೋಡ್ತೀನಿ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತು, ರೋಗಿಯ ಜೊತೆ ಬಂದವರಿಗೆ ಒಳಗೆ ಬಿಡುವುದಿಲ್ಲ ಎಂದು ಹೇಳುವಾಗ ಇರುತ್ತಿದ್ದ ಮುಖ ಅದು.

"ಒಂದು ರೂಮಲ್ಲಿರೋರು ಒಂದೇ ಥರ ಟಿಕೆಟ್ ತಗೋಬೇಕಂತಲ್ಲ. ನೀವೇ ಹೇಳಿದ್ರಿ. ನಮ್ಮದು ಬರೀ ಟಿಕೆಟ್ಟು."

ಬಾಗಿಲು ಮುಚ್ಚಿತು. ಬಡಿದು ಮುಚ್ಚಲಿಲ್ಲ. ನಿಧಾನವಾಗಿ, ಕೆಂಪು ದೀಪ ಹಾಕುವ ಮೊದಲು ಮುಚ್ಚುವಂತೆ, ಚಿಲಕದವರೆಗೂ ಮುಚ್ಚಿತು.

ಅವನು ತನ್ನ ರೂಮಿಗೆ ಇಳಿದು ಬಂದ. ಷಡ್ಡಕ ಗೋಡೆಯ ಕಡೆ ತಿರುಗಿ ಮಲಗಿದ್ದ. ಗಂಟಲು ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಇದೇನು ಎಂದು ಅವನಿಗೆ ತಟ್ಟನೆ ತಿಳಿಯಲಿಲ್ಲ, ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು. ಮೇಜಿನ ಮೇಲೆ ನೀರಿನ ಬಾಟಲಿ ಇತ್ತು. ಅದರ ಕುತ್ತಿಗೆಗೆ ಈಗ ಬೆಲೆಯ ಚೀಟಿ ಕಟ್ಟಿದ್ದರು. ಅದನ್ನು ಓದಿ, ಬಾಟಲಿ ಅಲ್ಲೇ ಇಟ್ಟು, ಬಾತ್‌ರೂಮಿಗೆ ಹೋಗಿ ನಲ್ಲಿಗೆ ಬೊಗಸೆ ಒಡ್ಡಿದ. ನೀರು ಬೆಚ್ಚಗಿತ್ತು, ಸ್ವಲ್ಪ ಕ್ಲೋರಿನ್ ವಾಸನೆ. ಮೂರು ಬೊಗಸೆ ಕುಡಿದ.

ಹಡಗು ದಡಕ್ಕೆ ಬಂತು. ಹೋದದ್ದು ಇಷ್ಟು: ಕುಡಿಯದೆ ಬಿಟ್ಟ ಗ್ಲಾಸು ಹದಿನೆಂಟು, ಮಾತು ಬಿಟ್ಟ ಷಡ್ಡಕ ಒಬ್ಬ, ಹೆಂಡತಿಯ ಪಕ್ಕದಲ್ಲಿ ನೋಡಬೇಕಾಗಿದ್ದ ಬೆಳಗು ಐದು.